ಭಾರ ಹೊರುವ ಸಾಮಾನು

ಅವಳು ಅಡುಗೆಮನೆಯ ಕಿಟಕಿಯ ಸರಳಿಗೆ ಸೌಟಿನಿಂದ ಮತ್ತೊಮ್ಮೆ ಬಡಿದಳು. ಅದು ಊಟಕ್ಕೆ ಕರೆ. ಭಾನುವಾರ ಬಂತೆಂದರೆ ಗಂಡ ಹಿತ್ತಲಿನ ತಗಡಿನ ಮಾಡಿನ ಕೆಳಗೆ, ತನ್ನ ಹಳೆಯ ಕಾರಿನ ಸಂಗಡ. ಬಾಯಿಂದ ಕೂಗಿದರೆ ಕೇಳಿಸುತ್ತಿರಲಿಲ್ಲ, ಕೇಳಿಸಿದರೂ ಕಿವುಡನಾಗುತ್ತಿದ್ದ. ಅದಕ್ಕೇ ಸೌಟು. ಉತ್ತರವಾಗಿ ಅವನು ಕೈಯಲ್ಲಿದ್ದ ಸ್ಪ್ಯಾನರಿನಿಂದ ಕಾರಿನ ತಳಕ್ಕೆ ಟಣ್ಣೆನಿಸುತ್ತಿದ್ದ. ‘ಬಂದೆ’ ಎಂದು ಅದರ ಅರ್ಥ. ಬರುವುದು ಮಾತ್ರ ಬಡಿಸಿದ್ದೆಲ್ಲ ಆರಿದ ಮೇಲೆಯೇ.

ಅಂದು ಉತ್ತರ ಬರಲಿಲ್ಲ.

ತುಸು ಮುಂಚೆ ಹಿತ್ತಲಲ್ಲಿ ಧೊಪ್ಪೆಂದು ಏನೋ ಬಿದ್ದದ್ದು ಅವಳಿಗೆ ಕೇಳಿಸಿತ್ತು. ಚಕ್ರ ಕೈಜಾರಿರಬೇಕು ಎಂದುಕೊಂಡು ಈರುಳ್ಳಿ ಹೆಚ್ಚುತ್ತಲೇ ಇದ್ದಳು. ಈಗ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಕಾರು ಒಂದು ಕಡೆಗೆ ವಾಲಿ, ದಣಿದ ಎತ್ತು ಮಂಡಿಯೂರಿದ ಹಾಗೆ ಕೂತಿತ್ತು. ಅದರ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಒಂದರಲ್ಲಿ ಚಪ್ಪಲಿ ಇತ್ತು.

ಅವಳು ಏನೆಂದು ಕೂಗಿದಳೋ ಅವಳಿಗೇ ನೆನಪಿಲ್ಲ. ಮೊದಲು ಗೋಡೆ ಹಾರಿ ಬಂದವನು ಪಕ್ಕದ ಮನೆಯ ಡ್ರೈವರು. ಊರೊಳಗೆ ಅಂಗಡಿಗಳಿಗೆ ಸಾಮಾನು ಮುಟ್ಟಿಸುವ ಸಣ್ಣ ವ್ಯಾನು ಅವನದು. ಒಬ್ಬನೇ ಕಾರಿನ ಅಂಚಿಗೆ ಹೆಗಲು ಕೊಟ್ಟು ಎತ್ತಲು ನೋಡಿದ. ಅವನ ಬಾಯಿಂದ ಬಂದ ಸದ್ದು ಮನುಷ್ಯರದಾಗಿರಲಿಲ್ಲ. ಬೀದಿಯವರು ಓಡಿಬಂದು ಕೈಜೋಡಿಸಿದ ಮೇಲೆಯೇ ಕಾರು ಎದ್ದದ್ದು. ಆಸ್ಪತ್ರೆಯಲ್ಲಿ ವೈದ್ಯರು ಅವಳ ಮುಖ ನೋಡದೆ, “ಹೆಚ್ಚು ನೋವು ಆಗಿರಲಿಕ್ಕಿಲ್ಲಮ್ಮ” ಎಂದರು. ಆ ಒಂದು ಮಾತನ್ನು ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡು ಮನೆಗೆ ಬಂದಳು.

*

ಮರುದಿನ ಬೆಳಿಗ್ಗೆ ದೇಹ ಮನೆಗೆ ಬಂತು. ಮುಂದಿನ ಕೋಣೆಯ ಮಂಚವನ್ನು ಗೋಡೆಗೆ ಒರಗಿಸಿ ಜಾಗ ಮಾಡಿದ್ದರು. ಕಿಟಕಿಯ ಬದಿಯ ಮೇಜಿನ ಮೇಲೆ ಅವನ ಕನ್ನಡಕ ಮಡಿಸಿಟ್ಟ ಹಾಗೆಯೇ ಇತ್ತು.

ಅವನ ಕಸುಬು ಕನ್ನಡಕದ್ದು. ಪೇಟೆಯ ಕನ್ನಡಕದಂಗಡಿಯ ಹಿಂಬದಿಯಲ್ಲಿ ಕೂತು ಚೌಕಟ್ಟಿಗೆ ಗಾಜು ಕೂರಿಸುತ್ತಾ ತಲೆ ನರೆತವನು. “ವಾರವೆಲ್ಲಾ ಸಾಸಿವೆ ಕಾಳಿನಷ್ಟು ತಿರುಪು ತಿರುಗಿಸ್ತೀನಿ ಕಣೇ, ಭಾನುವಾರ ಒಂದಿನ ಆದರೂ ಮುಷ್ಟಿಗೆ ಸಿಗೋ ನಟ್ಟು ಬೇಕು,” ಎನ್ನುತ್ತಿದ್ದ. ಬೀದಿಯಲ್ಲಿ ಅವನಿಗೆ ಇದ್ದ ಹೆಸರು ಬೇರೆ. ಎಲ್ಲರೂ ಚೌಕಾಸಿ ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ.

“ಹುಟ್ಟಿದಾಗ ಸೂಲಗಿತ್ತಿ ಹತ್ರಾನೂ ಚೌಕಾಸಿ ಮಾಡಿರ್ಬೇಕು ನಮ್ಮ ಚೌಕಾಸಿ,” ಎಂದರು ಕನ್ನಡಕದಂಗಡಿಯ ಯಜಮಾನರು, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಾ. “ಕೊಡೆ ರಿಪೇರಿಗೆ ಕೊಟ್ಟರೆ ಮೊದಲು ಹೊಸ ಕೊಡೆ ದರ ಕೇಳೋನು. ಆಮೇಲೆ ಹಳೇ ಕೊಡೆ ದರ. ಅಂಗಡಿಯೋನೇ ಸುಸ್ತಾಗಿ ಪುಕ್ಕಟೆ ಹೊಲಿದುಕೊಟ್ಟಿದ್ದ.”

ಒಬ್ಬಿಬ್ಬರು ನಕ್ಕು, ನಕ್ಕಿದ್ದಕ್ಕೆ ನಾಚಿ ತಲೆ ತಗ್ಗಿಸಿದರು.

ಆಗಲೇ ಅವಳ ಭಾವ ಹಿತ್ತಲಿನಿಂದ ಒಳಗೆ ಬಂದ. ಸತ್ತವನ ಅಣ್ಣ. ಲಾರಿ ಸಾಗಣೆಯ ಕಚೇರಿ ಇಟ್ಟುಕೊಂಡು ಹತ್ತಾರು ಆಳುಗಳನ್ನು ಆಳುವವನು. ಗಟ್ಟಿ ಮಾತು, ಇನ್ನೂ ಗಟ್ಟಿ ಕೈ. ಆ ಕೈಯಲ್ಲಿ ಕಾರಿನ ಜಾಕು ಇತ್ತು. ತಿರುಪು ಬಾಗಿಹೋಗಿತ್ತು.

“ನೋಡಿ ಇದನ್ನ,” ಎಂದ. “ಈ ತುಕ್ಕು ಹಿಡಿದ ಕಡ್ಡೀನ ನಂಬಿ ಕಾರಿನ ಕೆಳಗೆ ಮಲಗಿದ್ದಾನೆ ನನ್ನ ತಮ್ಮ. ಪಕ್ಕದಲ್ಲಿ ಆಸರೆಗೆ ಏನು ಗೊತ್ತಾ? ಇಟ್ಟಿಗೆ! ಒಡೆದು ಪುಡಿಯಾಗಿ ಬಿದ್ದಿದೆ. ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದ್ರು ಅಂತಾರಲ್ಲ, ಹಾಗಾಯ್ತು. ಚೌಕಾಸಿ ಮಾಡ್ತಾ ಮಾಡ್ತಾ ಕೊನೆಗೆ ಪ್ರಾಣಾನೇ ಅಗ್ಗಕ್ಕೆ ಕೊಟ್ಟುಬಿಟ್ಟ.” ಅವನ ದನಿ ಒಡೆಯಿತು. ಒಡೆದ ದನಿಯನ್ನು ಮುಚ್ಚಲು ಇನ್ನೂ ಜೋರಾಗಿ, “ಇದನ್ನ ಅವನಿಗೆ ಮಾರಿದ ಮಗ ಸಿಗಲಿ, ಕೈಕಾಲು ಮುರಿದು ಅದೇ ಇಟ್ಟಿಗೆ ಮೇಲೆ ನಿಲ್ಲಿಸ್ತೀನಿ,” ಎಂದ. ಅವನ ಜೊತೆ ಬಂದಿದ್ದ ಆಳುಗಳು ಹೌದೆಂದು ತಲೆಯಾಡಿಸಿದರು.

“ಜಾಕು ಎತ್ತೋಕೆ ಮಾತ್ರ ಭಾವ,” ಎಂದಳು ಅವಳು. “ಅದು ಕಾರಿನ ಜೊತೆ ಬಂದದ್ದು. ಎತ್ತಿದ ಮೇಲೆ ಕೆಳಗೆ ಕಬ್ಬಿಣದ ಸ್ಟ್ಯಾಂಡು ಇಡ್ತಿದ್ದರು. ಎರಡು ಇವೆ. ಇಡದೆ ಒಂದಿನಾನೂ ಕೆಳಗೆ ಹೋದವರಲ್ಲ.”

“ಎಲ್ಲಿವೆ?”

“ಅಲ್ಲೇ, ಗೋಡೆ ಪಕ್ಕ.”

“ಬಾ, ತೋರಿಸು.”

ಅವಳು ಎದ್ದು ಹೋದಳು. ಗೋಡೆಯ ಮೊಳೆಗಳಲ್ಲಿ ಸ್ಪ್ಯಾನರುಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನೇತಾಡುತ್ತಿದ್ದವು. ಸುತ್ತಿಗೆ, ಇಕ್ಕಳ, ಅರ, ಒಂದೊಂದೂ ಒರೆಸಿಟ್ಟದ್ದು. ಕೆಳಗೆ ಎಣ್ಣೆ ಕುಡಿದು ಕಪ್ಪಾದ ನೆಲದಲ್ಲಿ, ಏನೋ ಬಹಳ ಕಾಲ ಇದ್ದು ಎದ್ದುಹೋದಂತೆ, ಎರಡು ಕಡೆ ಬಿಳಿಚಿದ ಗುರುತು. ಸ್ಟ್ಯಾಂಡುಗಳಿರಲಿಲ್ಲ.

ಭಾವನ ದನಿ ತಗ್ಗಿತು. “ನೋಡಮ್ಮಾ, ಇದ್ದಿದ್ದರೆ ಅವನೇನು ಇಟ್ಟಿಗೆ ಇಡ್ತಿದ್ನಾ? ನಿನ್ನೆದುರು ಕೊಂಡಿರ್ತಾನೆ. ಆಮೇಲೆ ಹೊಟ್ಟೆ ಉರಿದು ವಾಪಸ್ ಕೊಟ್ಟು ಬಂದಿರ್ತಾನೆ. ನನ್ನ ತಮ್ಮನ್ನ ನಾನು ಚಿಕ್ಕಂದಿನಿಂದ ನೋಡಿದೀನಿ.”

ಅವಳು ಆ ಗುರುತುಗಳನ್ನೇ ನೋಡುತ್ತಾ ನಿಂತಳು. ಅವನು ಸತ್ತದ್ದು ನಿನ್ನೆ. ಇವತ್ತು ಯಾರೋ ಅವನನ್ನು ಎರಡನೆಯ ಸಲ ಕೊಂದಂತಾಯಿತು. ಎಲ್ಲಕ್ಕಿಂತ ಕೆಟ್ಟದ್ದು, ಅವಳ ಮನಸ್ಸಿನ ಒಂದು ಮೂಲೆ ಭಾವನ ಮಾತಿಗೆ ತಲೆದೂಗಿತ್ತು. ಮಾಡಿದ್ದರೂ ಮಾಡಿರಬಹುದೇ? ಅಷ್ಟು ವರ್ಷ ಒಟ್ಟಿಗೆ ಉಂಡ ಮನುಷ್ಯನ ಕುರಿತು ಅವಳಿಗೆ ಗೊತ್ತಿಲ್ಲವೆ?

*

ಆ ಸ್ಟ್ಯಾಂಡು ಕೊಂಡ ದಿನ ಅವಳು ಜೊತೆಯಲ್ಲಿದ್ದಳು.

ಕಬ್ಬಿಣದ ಸಾಮಾನಿನ ಬೀದಿಗೆ ಹೋಗುವಾಗ ಅವನ ಜೇಬಿನಲ್ಲಿ ಯಾವಾಗಲೂ ಒಂದು ಬೋಲ್ಟು ಇರುತ್ತಿತ್ತು. ಗೋಣಿಯ ಮೇಲೆ ರಾಶಿ ಹಾಕಿದ ಹಳೆಯ ಸ್ಪ್ಯಾನರುಗಳನ್ನು ಒಂದೊಂದಾಗಿ ಎತ್ತಿ ಆ ಬೋಲ್ಟಿನ ತಲೆಗೆ ಕಚ್ಚಿಸಿ ಅಲ್ಲಾಡಿಸುವನು. ಒಂದಿಷ್ಟು ಆಡಿದರೂ ಮತ್ತೆ ರಾಶಿಗೆ. ಇಕ್ಕಳವನ್ನು ಮುಚ್ಚಿ, ಕನ್ನಡಕದ ಗಾಜು ನೋಡುವ ಹಾಗೆ ಬೆಳಕಿಗೆ ಹಿಡಿದು, ಎರಡು ಹಲ್ಲುಗಳ ನಡುವೆ ಬೆಳಕು ತೂರುತ್ತದೋ ಎಂದು ಒಂದು ಕಣ್ಣು ಮುಚ್ಚಿ ನೋಡುವನು. ಥಳಥಳ ಹೊಳೆಯುವ ಪೆಟ್ಟಿಗೆಯ ಸೆಟ್ಟನ್ನು ಅಂಗಡಿಯವನು ಮುಂದೆ ತಳ್ಳಿದರೆ ಹಿಂದಕ್ಕೆ ತಳ್ಳುವನು.

“ಅದರಲ್ಲಿ ನಮಗೆ ಬೇಕಾದ್ದು ಮೂರೋ ನಾಲ್ಕೋ. ಮಿಕ್ಕಿದ್ದೆಲ್ಲ ಪೆಟ್ಟಿಗೆ ತುಂಬೋಕೆ. ಬೇಕಾದಾಗ ಬೇಕಾದ್ದು ಒಂದೊಂದೇ ತಗೊಂಡರೆ ಸಾಕು.”

ಅಂಗಡಿಯವನು ಅವಳ ಕಡೆ ತಿರುಗಿದ. “ಅಮ್ಮಾ, ನಿಮ್ಮನ್ನ ಮದುವೆ ಆಗೋವಾಗಲೂ ಹೀಗೇ ಬೆಳಕಿಗೆ ಹಿಡಿದು ನೋಡಿದ್ರಾ ಇವರು?”

“ನೋಡಿದ್ದಿದ್ರೆ ನಾನು ಬಚಾವಾಗ್ತಿದ್ದೆ,” ಎಂದಳು ಅವಳು. “ವಾಪಸ್ ರಾಶಿಗೆ ಹಾಕಿ ಹೋಗ್ತಿದ್ದರು.”

“ಇವಳು ಸೆಟ್ಟಿನಲ್ಲಿ ಬಂದದ್ದಲ್ಲಪ್ಪಾ, ಬಿಡಿಯಾಗಿ ಆರಿಸಿ ತಂದದ್ದು,” ಎಂದು ಅವನು ಬೋಲ್ಟು ತಿರುಗಿಸುತ್ತಲೇ ನುಡಿದ.

ಆಮೇಲೆ ಕಾರಿನ ಕೆಳಗೆ ಇಡುವ ಸ್ಟ್ಯಾಂಡಿನ ಮಾತು ಬಂತು. ಅಂಗಡಿಯವನು ಗಿರಾಕಿಯನ್ನು ಬಲ್ಲವನಾದ್ದರಿಂದ ತೆಳು ತಗಡಿನದನ್ನು ತಂದಿಟ್ಟ. ಗಂಡ ಅದರ ಬೆಸುಗೆಯ ಮೇಲೆ ಉಗುರು ಆಡಿಸಿದ, ಕಾಲುಗಳನ್ನು ಅಗಲಿಸಿ ನೋಡಿದ, ಪಕ್ಕಕ್ಕಿಟ್ಟ. ಇನ್ನೊಂದು ತರಿಸಿದ. ಅದನ್ನೂ ಪಕ್ಕಕ್ಕಿಟ್ಟ. ಕೊನೆಗೆ ಅಂಗಡಿಯ ಮೂಲೆಯಲ್ಲಿ, ಗ್ಯಾರೇಜಿನವರಿಗೆಂದು ಇಟ್ಟಿದ್ದ ದಪ್ಪ ಕಾಲಿನ ಜೋಡಿಯೊಂದನ್ನು ಬೆರಳು ಮಾಡಿ ತೋರಿಸಿದ. ಅಂಗಡಿಯವನು ದರ ಹೇಳಿದ. ಅವಳು ಗಂಡನ ತೋಳು ಹಿಡಿದು ಜಗ್ಗಿದಳು. ಅವನು ಮರುಮಾತಾಡದೆ ಜೇಬಿನಿಂದ ದುಡ್ಡು ತೆಗೆದ.

“ಏನ್ ಸ್ವಾಮಿ, ಮೈ ಹುಷಾರಿಲ್ವಾ? ಚೌಕಾಸಿ ಎಲ್ಲಿ ಹೋಯ್ತು?”

“ನಟ್ಟು ಬಿಚ್ಚೋ ಸಾಮಾನು ಕೈ ಕೊಟ್ಟರೆ ಬೆರಳ ಗೆಣ್ಣು ತರಚುತ್ತೆ, ಅಷ್ಟೆ,” ಎಂದ ಅವನು. “ಇದು ಭಾರ ಹೊರೋ ಸಾಮಾನು. ಇದು ಕೈ ಕೊಟ್ಟರೆ ಇವಳು ಎಲ್ಲಿಗೆ ಹೋಗ್ಬೇಕು? ಇದರ ಹತ್ರ ಚೌಕಾಸಿ ಇಲ್ಲಪ್ಪ.”

ಬಸ್ಸಿನಲ್ಲಿ ಇಬ್ಬರೂ ಒಂದೊಂದನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದರು. ಮಕ್ಕಳಿಲ್ಲದ ಅವರನ್ನು ನೋಡಿ ಕಂಡಕ್ಟರು, “ಅವಳಿಜವಳಿಗೆ ಅರ್ಧ ಟಿಕೆಟ್ಟು ಕೊಡಲಾ?” ಎಂದಿದ್ದ. ಕತ್ತಲಲ್ಲಿ ಎಡವದಿರಲೆಂದು ಗಂಡ ಅವಕ್ಕೆ ಹಳದಿ ಬಣ್ಣ ಬಳಿದ.

*

ದೇಹಕ್ಕೆ ನೀರು ಹಾಕುವ ಹೊತ್ತಾಯಿತು. ಬಚ್ಚಲಿನ ತುಂಬ ಜನ. “ಅಕ್ಕಾ, ನೀವು ನಮ್ಮ ಮನೇಲಿ ಸ್ನಾನ ಮಾಡಿ ಬನ್ನಿ,” ಎಂದು ಡ್ರೈವರನ ಹೆಂಡತಿ ಕೈಹಿಡಿದು ಕರೆದುಕೊಂಡು ಹೋದಳು. ಚಿಕ್ಕ ಪ್ರಾಯದ ಹೆಣ್ಣು. ಸೊಂಟದ ಮೇಲೆ ಜ್ವರ ಬಿಟ್ಟು ಸೊರಗಿದ ಕೂಸು. ನೀರು ಕಾಯಿಸಿ ತೋಡಿಟ್ಟು, ಮಗು ಅತ್ತಿತೆಂದು ಒಳಗೆ ಹೋದಳು.

ಬಚ್ಚಲು ಹಿತ್ತಲಿನಲ್ಲಿತ್ತು. ಅದರ ಪಕ್ಕದಲ್ಲೇ ಡ್ರೈವರನ ವ್ಯಾನು. ಹಿಂದಿನ ಚಕ್ರಗಳಿಲ್ಲದೆ, ಬಹಳ ದಿನದಿಂದ ಅಲ್ಲೇ ನಿಂತದ್ದು. ಅದರ ಮೇಲಿನ ಟಾರ್ಪಾಲನ್ನು ಯಾರೋ ನೆಲಕ್ಕೆ ಮುಟ್ಟುವವರೆಗೆ ಎಳೆದು, ಅಂಚಿಗೆ ಕಲ್ಲು ಹೇರಿದ್ದರು. ಗಾಳಿಯಿಲ್ಲದ ದಿನ. ಅವಳು ಸುಮ್ಮನೆ ದಾಟಿ ಹೋಗುತ್ತಿದ್ದಳೇನೋ. ಮೂಲೆಯೊಂದು ಕಲ್ಲಿನಿಂದ ಬಿಡಿಸಿಕೊಂಡು ಮಡಚಿಕೊಂಡಿತ್ತು. ಒಳಗೆ ಹಳದಿ ಕಂಡಿತು.

ಅವಳು ಬಗ್ಗಿ ಟಾರ್ಪಾಲು ಎತ್ತಿದಳು. ದಪ್ಪ ಕಾಲುಗಳು. ಕುಂಚದ ಕೂದಲು ಅಂಟಿಕೊಂಡೇ ಒಣಗಿದ ಬಣ್ಣ. ಎರಡೂ ಇದ್ದವು, ವ್ಯಾನಿನ ಭಾರ ಹೊತ್ತುಕೊಂಡು.

ಮೊದಲು ಬಂದದ್ದು ಸಂತೋಷ. ವಾಪಸ್ ಕೊಟ್ಟಿರಲಿಲ್ಲ. ಸಾಯುವವರೆಗೂ ಅವನು ಅವಳು ಬಲ್ಲ ಮನುಷ್ಯನೇ ಆಗಿದ್ದ. ಆ ಸಂತೋಷ ಗುಟುಕು ನೀರಿನಂತೆ ಗಂಟಲು ದಾಟಿತು. ಅದರ ಹಿಂದೆಯೇ ಉಳಿದದ್ದೆಲ್ಲ ಬಂತು. ಅವಳು ಬಚ್ಚಲಿನ ಮೆಟ್ಟಿಲ ಮೇಲೆ ಕೂತಳು.

ಹಿಂತಿರುಗಿ ಬಂದ ಹೆಂಗಸು ಎತ್ತಿದ್ದ ಟಾರ್ಪಾಲನ್ನು ನೋಡಿ ಅಲ್ಲೇ ನಿಂತಳು.

“ಯಾವಾಗ ತಂದದ್ದು?” ಎಂದಳು ಅವಳು.

“ನೀವು ತಂಗಿ ಮನೆಗೆ ಹೋಗಿದ್ರಲ್ಲ ಅಕ್ಕಾ, ಆವಾಗ. ಎರಡು ದಿನಕ್ಕೆ ಅಂತ ತಂದರು. ವ್ಯಾನಿಗೆ ಬೇಕಾದ ಭಾಗ ಸಿಗಲೇ ಇಲ್ಲ. ಹಾಗೇ ಉಳೀತು.” ಡ್ರೈವರನ ಹೆಂಡತಿ ಮಗುವಿನ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು. “ಶನಿವಾರ ಸಾಯಂಕಾಲ ನಿಮ್ಮನೆಯವರು ಬಂದಿದ್ದರು. ಗೇಟಿನ ಹತ್ರ ನಿಂತು ವ್ಯಾನಿನ ಕಡೆ ಒಂದ್ಸಲ ನೋಡಿದರು. ‘ಕೂಸಿಗೆ ಜ್ವರ ಹೇಗಿದೆಯಮ್ಮ?’ ಅಂದರು. ಬಿಟ್ಟಿದೆ ಅಂದೆ. ‘ಒಳ್ಳೇದಾಯ್ತು’ ಅಂದ್ಬಿಟ್ಟು ಹೊರಟುಹೋದರು. ಸ್ಟ್ಯಾಂಡಿನ ಮಾತೇ ಎತ್ತಲಿಲ್ಲ ಅಕ್ಕಾ. ದೇವರಾಣೆಗೂ ಎತ್ತಲಿಲ್ಲ.”

ಶನಿವಾರ ಸಾಯಂಕಾಲ ಅವನು ಗೇಟು ದಾಟಿ ಹೋಗಿ ಬರಿಗೈಯಲ್ಲಿ ಬಂದದ್ದು ಅವಳಿಗೆ ನೆನಪಿತ್ತು. “ಎಲ್ಲಿಗೆ ಹೋಗಿದ್ರಿ?” ಎಂದಿದ್ದಕ್ಕೆ, “ಎಲ್ಲೂ ಇಲ್ಲ. ಅವನ ಗಾಡಿ ಇನ್ನೂ ಮೇಲೇ ಇದೆ ಪಾಪ,” ಎಂದಿದ್ದ. “ನಾಳೆ ಐದು ನಿಮಿಷದ ಕೆಲಸ ಅಷ್ಟೆ. ಹೊಗೆ ಕೊಳವೆ ನೇತಾಡ್ತಿದೆ, ಒಂದು ತಂತಿ ಬಿಗಿದರೆ ಆಯ್ತು.” ಅವಳು ಮುಂದೆ ಕೇಳಿರಲಿಲ್ಲ. ಅವನದು ಹಾಗೆಯೇ. ಕೊಳ್ಳುವಾಗ ಕಾಸಿಗೆ ಕಾಸು ಎಳೆದಾಡುವನು. ಕೊಟ್ಟ ಸಾಮಾನನ್ನು ಮಾತ್ರ ಎಂದೂ ಬಾಯಿಬಿಟ್ಟು ಕೇಳಿದವನಲ್ಲ. ಬೀದಿಯ ಅರ್ಧ ಮನೆಗಳಲ್ಲಿ ಅವನ ಸುತ್ತಿಗೆಯೋ ಗರಗಸವೋ ಇತ್ತು. “ಕೇಳಿದರೆ ಅವರಿಗೆ ಮುಖ ಸಣ್ಣದಾಗುತ್ತೆ ಕಣೇ. ಅವರಿಗೇ ನೆನಪಾದಾಗ ತರ್ತಾರೆ ಬಿಡು,” ಎನ್ನುವನು.

ಡ್ರೈವರು ನೀರಿನ ಬಿಂದಿಗೆ ಹೊತ್ತು ಹಿತ್ತಲಿಗೆ ಬಂದವನು ಇಬ್ಬರನ್ನೂ ಕಂಡ. ಬಿಂದಿಗೆ ಇಳಿಸಿದ. ನಿನ್ನೆಯಿಂದ ಅವನೇ ಓಡಾಡಿ ಎಲ್ಲ ಮಾಡುತ್ತಿದ್ದ. ಆಸ್ಪತ್ರೆಯಲ್ಲಿ ಕಾದವನು ಅವನೇ, ಶವಪೆಟ್ಟಿಗೆ ತಂದವನು ಅವನೇ. ಕಣ್ಣು ಎರಡು ಗಾಯಗಳ ಹಾಗೆ ಕೆಂಪಾಗಿದ್ದವು.

“ಅವರು ಕೇಳಿದ್ದರೆ ಕೊಡ್ತಿದ್ಯಾ?” ಎಂದಳು ಅವಳು.

“ತಕ್ಷಣ ಕೊಡ್ತಿದ್ದೆ ಅಕ್ಕ. ವ್ಯಾನನ್ನ ಇಟ್ಟಿಗೆ ಮೇಲೆ ಇಳಿಸಿ ಕೊಡ್ತಿದ್ದೆ. ನಾನೇನು ಅದರ ಕೆಳಗೆ ಹೋಗೋದಿರಲಿಲ್ಲ.”

ಅವಳು ಕೇಳಬಹುದಾಗಿದ್ದ ಉತ್ತರಗಳಲ್ಲೆಲ್ಲ ಅದೇ ತೀರ ಕೆಟ್ಟದ್ದು. ಒಂದು ಮಾತು. ಗೇಟಿನ ಹತ್ತಿರ ಒಂದೇ ಒಂದು ಮಾತು.

“ಟಾರ್ಪಾಲು ಯಾಕೆ ಎಳೆದೆ?”

ಅವನು ನೆಲ ನೋಡಿದ. “ಹೆದರಿಕೆ ಅಕ್ಕ. ನಿಮ್ಮ ಭಾವ ಬೆಳಿಗ್ಗೆಯಿಂದ ಕೂಗಾಡ್ತಿದ್ದಾರೆ. ಹೇಳ್ಬೇಕು ಅಂತ ಮೂರು ಸಲ ಅವರ ಮುಂದೆ ಹೋಗಿ ನಿಂತೆ. ನಾಲಿಗೆ ಏಳಲಿಲ್ಲ.” ಆಮೇಲೆ ತಲೆ ಎತ್ತಿ, “ನೀವು ಹೇಳು ಅನ್ನಿ, ಎಲ್ಲರ ಮುಂದೆ ಹೇಳ್ತೀನಿ. ಅವರು ಕೊಂದರೂ ಸರಿ. ನನ್ನಷ್ಟಕ್ಕೆ ನನ್ನ ಕೈಲಿ ಆಗ್ತಿಲ್ಲ,” ಎಂದ.

ಅವನ ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡಳು. ಕೂಸು ಅವಳ ಕಿವಿಯೋಲೆ ಹಿಡಿದು ಜಗ್ಗುತ್ತಿತ್ತು.

ಅವಳು ಮೆಟ್ಟಿಲಿನಿಂದ ಎದ್ದಳು. ಬಚ್ಚಲಿಗೆ ಹೋಗಿ ಆರಿದ ನೀರನ್ನು ತಲೆಯ ಮೇಲೆ ಸುರಿದುಕೊಂಡಳು.

*

ಮಣ್ಣಿಗೆ ಬಂದವರು ಬಹಳ ಜನ. ಅಷ್ಟು ಜನ ಅವನಿಗೆ ಗೊತ್ತಿದ್ದರೆಂದು ಅವಳಿಗೇ ತಿಳಿದಿರಲಿಲ್ಲ. ಪೆಟ್ಟಿಗೆಯ ಮುಂದಿನ ತುದಿಗೆ ಒಂದು ಕಡೆ ಭಾವ, ಇನ್ನೊಂದು ಕಡೆ ಡ್ರೈವರು ಹೆಗಲು ಕೊಟ್ಟಿದ್ದರು. ಒಂದೇ ಎತ್ತರದವರು, ಹೆಜ್ಜೆ ಕೂಡಿಬರುತ್ತಿತ್ತು. ಹಿಂದೆ ನಡೆಯುತ್ತಿದ್ದ ಅವಳಿಗೆ ಇಬ್ಬರ ಕತ್ತಿನ ಹಿಂಭಾಗ ಕಾಣುತ್ತಿತ್ತು.

“ಸ್ಟ್ಯಾಂಡು ಕೊಂಡಿದ್ದರು ಅಂತಿದ್ದಾಳಲ್ಲ ಪಾಪ,” ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

“ಗಂಡನ ಮಾನ ಉಳಿಸ್ಕೋಬೇಡ್ವೇ? ಇನ್ನೇನು ಹೇಳ್ತಾಳೆ?”

“ಜಿಪುಣ ಅಂದರೂ ಕೇಳಿದಾಗೆಲ್ಲ ಸಾಮಾನು ಕೊಡ್ತಿದ್ದ ಮಾರಾಯ. ನಮ್ಮನೇಲೂ ಒಂದು ಏಣಿ ಇದೆ ಅವನದು.”

“ಕೊಟ್ಟುಬಿಡು ಇನ್ನಾದರೂ.”

“ಯಾರಿಗೆ?”

ಪೆಟ್ಟಿಗೆಯನ್ನು ಕೆಳಗಿಳಿಸಿದ ಮೇಲೆ ಭಾವ ಮುಂದೆ ಬಂದು ನಿಂತ. ಮನೆಯ ಹಿರಿಯನಾಗಿ ನಾಲ್ಕು ಮಾತಾಡುವ ಹೊಣೆ ಅವನದು. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

“ನನ್ನ ತಮ್ಮ ಒಳ್ಳೆಯವನು,” ಎಂದ. “ಯಾರಿಗೂ ಕೆಟ್ಟದ್ದು ಮಾಡಿದವನಲ್ಲ. ಆದರೆ ಕೈ ಬಿಗಿ. ನಾನು ಎಷ್ಟೋ ಸಲ ಹೇಳಿದೆ, ಗ್ಯಾರೇಜಿಗೆ ಬಿಡೋ, ನಾನು ನೋಡ್ಕೋತೀನಿ ಅಂತ. ಕೇಳಲಿಲ್ಲ. ಜೀವ ಉಳಿಸೋ ಸಾಮಾನಿಗೂ ಅವನಿಗೆ ದುಡ್ಡು ಬಿಚ್ಚೋಕೆ ಮನಸ್ಸು ಬರಲಿಲ್ಲ. ಇವತ್ತು ಅವನನ್ನ ನೋಡಿ ನಾವೆಲ್ಲ...” ಮುಂದಿನ ಮಾತು ಹೊರಡದೆ ಅವನು ಮಗುವಿನ ಹಾಗೆ ಅತ್ತುಬಿಟ್ಟ. ಜನ ತಲೆ ತಗ್ಗಿಸಿದರು. ಮುಖ ಒರೆಸಿಕೊಂಡು ಅವನು ಅವಳತ್ತ ತಿರುಗಿದ. “ನೀನೇನಾದರೂ ಹೇಳ್ತೀಯೇನಮ್ಮಾ?”

ಗುಂಡಿಯ ಆಚೆ ಬದಿಯಲ್ಲಿ ಡ್ರೈವರು ನಿಂತಿದ್ದ. ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಬೇಡಿಕೆಯಿರಲಿಲ್ಲ. ತೀರ್ಪಿಗೆ ಕಾದವನ ಮುಖ ಅದು. ಅವಳು ತುಸು ತಲೆಯಾಡಿಸಿದರೂ ಸಾಕು, ಬಾಯಿ ತೆರೆಯುತ್ತಿದ್ದ. ಆಳುಗಳು ಅವನ ಹಿಂದೆಯೇ ನಿಂತಿದ್ದರು. ಅವಳ ನಾಲಿಗೆಯ ತುದಿಗೆ ಮಾತು ಬಂದು ಕೂತಿತ್ತು: ನನ್ನ ಗಂಡ ಅಗ್ಗಕ್ಕೆ ಸಾಯಲಿಲ್ಲ. ಅದನ್ನು ಇಷ್ಟು ಜನರ ಕಿವಿಗೆ ಹಾಕಿಬಿಟ್ಟರೆ ಚೌಕಾಸಿ ಎಂಬ ಹೆಸರು ಇಲ್ಲೇ, ಈ ಗುಂಡಿಯಲ್ಲೇ ಹೂತುಹೋಗುತ್ತಿತ್ತು. ಅವಳಿಗೆ ಅದು ಬೇಕಿತ್ತು. ಹಸಿದವರಿಗೆ ಅನ್ನ ಬೇಕಾಗುವ ಹಾಗೆ ಬೇಕಿತ್ತು.

ಶನಿವಾರ ಗೇಟಿನ ಹತ್ತಿರ ಗಂಡನೂ ಹೀಗೆಯೇ ನಿಂತಿರಬೇಕು, ಬಾಯಿಗೆ ಬಂದ ಮಾತನ್ನು ಹಿಡಿದುಕೊಂಡು.

“ಇಲ್ಲ ಭಾವ,” ಎಂದಳು. “ಏನೂ ಇಲ್ಲ.”

ಡ್ರೈವರು ಕಣ್ಣು ಮುಚ್ಚಿ ತೆರೆದ. ಅವಳು ಅವನಿಂದ ಮುಖ ತಿರುಗಿಸಿಕೊಂಡಳು. ಅದು ಕ್ಷಮೆಯಲ್ಲವೆಂದು ಅವನಿಗೂ ತಿಳಿದಿತ್ತು.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಗುಂಡಿ ತೋಡುವವನು ಸಲಿಕೆ ಎತ್ತಿಕೊಂಡ. ಡ್ರೈವರು ಹೋಗಿ ಅವನ ಕೈಯಿಂದ ಅದನ್ನು ತೆಗೆದುಕೊಂಡ. ತಡೆಯುವವರಿರಲಿಲ್ಲ. ಕಲ್ಲು ಬೆರೆತ ಮಣ್ಣು. ಸಲಿಕೆ ಹೂತಾಗಲೆಲ್ಲ ಕರ್ರೆನ್ನುತ್ತಿತ್ತು. ಅವನು ತುಂಬಿ ತುಂಬಿ ಸುರಿದ. ಅಂಗಿ ಬೆನ್ನಿಗೆ ಅಂಟಿತು. “ಸಾಕು ಕೊಡಯ್ಯ, ನಾನು ಹಾಕ್ತೀನಿ, ಅದು ನನ್ನ ಕೆಲಸ,” ಎಂದ ಗುಂಡಿ ತೋಡುವವನು. ಡ್ರೈವರು ಕೊಡಲಿಲ್ಲ. ಕನ್ನಡಕದಂಗಡಿಯ ಯಜಮಾನರು ಬಂದು ತೋಳು ಹಿಡಿದರು, ಕೊಡವಿಕೊಂಡ. ಭಾವ ಕೂಡ ಬಂದು ಅವನ ಬೆನ್ನ ಮೇಲೆ ಕೈಯಿಟ್ಟು, “ಬಿಡಪ್ಪಾ, ನಿನ್ನಂಥ ಪಕ್ಕದ ಮನೆಯೋನು ಯಾರಿಗೆ ಸಿಗ್ತಾನೆ, ಸಾಕು ಬಿಡು,” ಎಂದ. ಅದನ್ನು ಕೇಳಿ ಅವನು ಇನ್ನೂ ಬಿರುಸಾಗಿ ಎತ್ತಿ ಹಾಕಿದ. ಮಂದಿ ದಾರಿ ಬಿಟ್ಟು ನಿಂತು ನೋಡಿದರು. ಒಬ್ಬೊಬ್ಬರಾಗಿ ಹೊರಟರು. ಆಗಾಗ ಅವನು ತಲೆಯೆತ್ತಿ ಅವಳ ಕಡೆ ನೋಡುತ್ತಿದ್ದ.

ಸಾಕು ಎಂದು ಅವಳು ಒಬ್ಬಳು ಹೇಳಿದ್ದರೆ ನಿಲ್ಲಿಸುತ್ತಿದ್ದ. ಅವಳು ಹೇಳಲಿಲ್ಲ. ಕೈಜೋಡಿಸಿ ಕಣ್ಣು ಮುಚ್ಚಿದಳು. ಸಲಿಕೆಯ ಸದ್ದಿನ ನಡುನಡುವೆ ತುಟಿ ಅಲುಗಿತು.

ದೇವರೇ, ಇವರು ನಿನ್ನೆ ಒಬ್ಬರೇ ಇದ್ದರು, ಭಾರದ ಕೆಳಗೆ, ಕತ್ತಲಲ್ಲಿ. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ನೀನಾದರೂ ಹತ್ತಿರ ಇದ್ದೆ ಎಂದು ನಂಬಿದ್ದೇನೆ. ಈ ಮಣ್ಣು ಇವರ ಎದೆಗೆ ಹಗುರವಾಗಲಿ. ಇಲ್ಲಿ ಆಡಿದ ಮಾತು ಇವರ ಕಿವಿಗೆ ಬೀಳದಿರಲಿ. ತಾವಾಗಿ ಏನನ್ನೂ ಕೇಳುವವರಲ್ಲ ಇವರು; ಕೇಳಲಿಲ್ಲವೆಂದು ಕೊಡದೆ ಇರಬೇಡ. ಆಚೆ ನಿಂತವನಿಗೋಸ್ಕರ ಬೇಡಿಕೊಳ್ಳಲು ಇವತ್ತು ನನ್ನಿಂದ ಆಗದು. ಇವರಿಗೆ ಶಾಂತಿ ಕೊಡು ತಂದೆ. ಇವರಿಗೆ ಶಾಂತಿ ಕೊಡು.